ಫೋಟೋದಲ್ಲಿ ಹಕ್ಕಿ ಗುರುತಿಸುವುದು ಹೇಗೆ?

ಬಾಗಲಕೋಟೆಯ ವಿದ್ಯಾಗಿರಿ ಕಡೆ ಹೋಗುವ ಬೆಳೆಗಾರ ಬಾಂಧವರು ಚಳಿಗಾಲದಲ್ಲಿ ಆಲಮಟ್ಟಿ ಹಿನ್ನೀರಿನ ಹಕ್ಕಿಗಳ ಫೋಟೋ ತೆಗೆಯುವುದುಂಟು. ಫೋಟೋದ ಬಣ್ಣವನ್ನು ನಾವು ಪೂರ್ತಿ ನಂಬಬಾರದು. ಎದುರು ಬಿಸಿಲಿಗೆ ಎಲ್ಲವೂ ಕಪ್ಪೇ. ಬಿಳಿ ತಲೆಯ ಹಿಂಬದಿಗೆ ಎರಡು ಕಪ್ಪು ಪಟ್ಟೆಗಳಿದ್ದರೆ ಅದು ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತು.

ನಮ್ಮ ತೋಟಗಳ ಮೇಲೆ ಹಾರುವ ಬೇಟೆ ಹಕ್ಕಿಗಳಿಗೆ ಬಾಲವೇ ಸಾಕ್ಷಿ. ತುದಿ ಕವಲಾಗಿದ್ದರೆ ಕರಿ ಹದ್ದು, ದುಂಡಗಿದ್ದರೆ ಗರುಡ. (ಬಾಲವನ್ನು ಪೂರ್ತಿ ಬಿಚ್ಚಿದಾಗ ಕವಲು ಕಾಣದು, ಎಚ್ಚರ.) ಬೂದು ಬೆನ್ನು, ಬಿಳಿ ಹೊಟ್ಟೆ, ಹೆಗಲಲ್ಲಿ ಕಪ್ಪು ಮಚ್ಚೆ, ಕೆಂಪು ಕಣ್ಣು ಇರುವ ಚಿಕ್ಕ ಹಕ್ಕಿ ರಾಮದಾಸ ಹದ್ದು. ಇದರ ಮುಖ್ಯ ಆಹಾರವೇ ಇಲಿ. ಕೋಳಿ ಕಳ್ಳನೆಂದು ಕವಣೆ ಎತ್ತುವ ಮೊದಲು ಹೆಗಲಿನ ಮಚ್ಚೆ ನೋಡಿ. ಇಲಿ ಪಾಷಾಣ ಇಟ್ಟವರು ಸತ್ತ ಇಲಿಗಳನ್ನು ಅಂದೇ ಆಳವಾಗಿ ಹೂಳಬೇಕು; ಅವನ್ನು ತಿಂದ ಹಕ್ಕಿಯೂ ಸಾಯಬಹುದು.