ಒಂದು ಟನ್ ಉಕ್ಕಿನ ಲೆಕ್ಕ

ಅಕೌಂಟೆನ್ಸಿಯಲ್ಲಿ ಮೊದಲು ಕಲಿಯುವ ಪಾಠವೇ ಪ್ರತಿ ಡೆಬಿಟ್‌ಗೂ ಒಂದು ಕ್ರೆಡಿಟ್ ಇರುತ್ತದೆ ಎಂಬುದು. ಖರ್ಚು ಆಗಿದ್ದರೆ ಅದು ಯಾರದ್ದಾದರೂ ಖಾತೆಯಲ್ಲಿ ಇರಲೇಬೇಕು. ಆದರೆ ನಮ್ಮ ದೇಶದಲ್ಲಿ ಒಂದು ಟನ್ ಉಕ್ಕು ತಯಾರಾದಾಗ ಸರಾಸರಿ ಎರಡೂವರೆ ಟನ್ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ. ಅದು ಇತ್ತೀಚಿನವರೆಗೆ ಯಾವ ಕಾರ್ಖಾನೆಯ ಲೆಕ್ಕಪುಸ್ತಕದಲ್ಲೂ ಖರ್ಚಾಗಿ ಕಾಣಿಸುತ್ತಿರಲಿಲ್ಲ. ಮಳೆ ತಪ್ಪಿದ ರೈತನೂ ಬಿಸಿಲಿನಲ್ಲಿ ಗಾರೆ ಕೆಲಸ ಮಾಡುವವನೂ ಆ ಖರ್ಚನ್ನು ತಮಗೇ ಗೊತ್ತಿಲ್ಲದೆ ಕಟ್ಟುತ್ತಿದ್ದರು. ಈಗ ಅದಕ್ಕೆ ಬೆಲೆ ಕಟ್ಟುವ ಕಾಲ ಬಂದಿದೆ. ಇದು ವಿಜ್ಞಾನ ವಿಭಾಗದ ವಿಷಯ, ಕಾಮರ್ಸ್‌ನವರಿಗೇಕೆ ಎಂದು ಕೇಳುವ ಗೆಳೆಯರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 190 ಕೋಟಿ ಟನ್ ಉಕ್ಕು ತಯಾರಾಗುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಚೀನಾದ್ದು. 2018ರಿಂದ ಎರಡನೇ ಸ್ಥಾನದಲ್ಲಿರುವುದು ಭಾರತ. 2023-24ರಲ್ಲಿ ನಾವು 14 ಕೋಟಿ ಟನ್‌ಗೂ ಹೆಚ್ಚು ತಯಾರಿಸಿದೆವು. ಮನುಷ್ಯರು ಹೊರಬಿಡುವ ಒಟ್ಟು ಕಾರ್ಬನ್ ಡೈಆಕ್ಸೈಡ್‌ನಲ್ಲಿ ಶೇಕಡಾ 7ರಿಂದ 8ರಷ್ಟು ಈ ಒಂದೇ ಉದ್ಯಮದಿಂದ ಬರುತ್ತದೆ.

ಇಷ್ಟೊಂದು ಹೊಗೆ ಏಕೆ? ಕುಲುಮೆಗೆ ಬಿಸಿ ಬೇಕು, ಅದಕ್ಕೆ ಕಲ್ಲಿದ್ದಲು ಸುಡುತ್ತಾರೆ ಎಂದು ನಾನು ಅಂದುಕೊಂಡಿದ್ದೆ. ಅದು ಅರ್ಧ ಉತ್ತರ ಮಾತ್ರ. ಅದಿರು ಎಂದರೆ ಕಬ್ಬಿಣ ಮತ್ತು ಆಮ್ಲಜನಕ ಸೇರಿಕೊಂಡ ವಸ್ತು, ಒಂದು ರೀತಿಯ ತುಕ್ಕು. ಆ ಆಮ್ಲಜನಕವನ್ನು ಕಬ್ಬಿಣದಿಂದ ಬಿಡಿಸುವ ಕೆಲಸವನ್ನು ಮಾಡುವುದೇ ಇಂಗಾಲ. ಊದುಕುಲುಮೆಯಲ್ಲಿ ಕಲ್ಲಿದ್ದಲಿನಿಂದ ಮಾಡಿದ ಕೋಕ್ ಉರಿದು ಕಾರ್ಬನ್ ಮೋನಾಕ್ಸೈಡ್ ಆಗುತ್ತದೆ, ಅದು ಅದಿರಿನ ಆಮ್ಲಜನಕವನ್ನು ಕಿತ್ತುಕೊಂಡು ಕಾರ್ಬನ್ ಡೈಆಕ್ಸೈಡ್ ಆಗಿ ಹೊರಗೆ ಹೋಗುತ್ತದೆ. ಪಿಸಿಎಂಬಿ ಓದುವ ಗೆಳತಿಯೊಬ್ಬಳ ಹತ್ತಿರ ಸಮೀಕರಣ ಬರೆಸಿಕೊಂಡು ಕೂಡಿಸಿ ನೋಡಿದೆ. 112 ಗ್ರಾಂ ಕಬ್ಬಿಣ ಸಿಗಬೇಕಾದರೆ 132 ಗ್ರಾಂ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ. ಅಂದರೆ ಒಂದು ಟನ್ ಕಬ್ಬಿಣಕ್ಕೆ ಹತ್ತಿರ ಹತ್ತಿರ 1.2 ಟನ್, ಅದೂ ಬರೀ ರಾಸಾಯನಿಕ ಕ್ರಿಯೆಯಿಂದಲೇ. ಕೋಕ್ ತಯಾರಿ, ಸುಣ್ಣಕಲ್ಲು, ವಿದ್ಯುತ್ತು, ವ್ಯರ್ಥವಾಗುವ ಶಾಖ ಎಲ್ಲವೂ ಇದರ ಮೇಲೆ ಸೇರುತ್ತವೆ. ಹಾಗಾಗಿ ಕಾರ್ಖಾನೆಯ ಛಾವಣಿ ತುಂಬ ಸೋಲಾರ್ ಹಾಕಿದರೂ ಈ 1.2 ಟನ್ ಕಡಿಮೆಯಾಗುವುದಿಲ್ಲ. ಅದು ಕಡಿಮೆಯಾಗಬೇಕಾದರೆ ಇಂಗಾಲದ ಜಾಗಕ್ಕೆ ಬೇರೆ ಯಾರಾದರೂ ಬರಬೇಕು, ಇಲ್ಲವೇ ಅದಿರನ್ನೇ ಬಿಟ್ಟು ಬೇರೆ ಕಚ್ಚಾವಸ್ತು ಬಳಸಬೇಕು.

ಎರಡನೆಯದು ನನಗೆ ಹೆಚ್ಚು ಪರಿಚಿತ. ನಮ್ಮ ಮಾಮೂ ಗುಜರಿ ಅಂಗಡಿ ಇಟ್ಟಿದ್ದಾರೆ. ಹಳೆಯ ಗೇಟು, ಮುರಿದ ಕುರ್ಚಿ, ಕೆಟ್ಟ ಮೋಟಾರು, ಬಸ್ಸಿನ ಬಿಡಿಭಾಗ ಎಲ್ಲವೂ ಅಲ್ಲಿ ಬರುತ್ತವೆ. ಹುಡುಗರು ಕೂತು ತಾಮ್ರದ ತಂತಿ ಬೇರೆ, ಅಲ್ಯೂಮಿನಿಯಂ ಬೇರೆ, ಕಬ್ಬಿಣ ಬೇರೆ ಮಾಡುತ್ತಾರೆ. ತಾಮ್ರಕ್ಕೆ ಬೆಲೆ ಜಾಸ್ತಿ, ಅದಕ್ಕೆ ಬೇರೆ ಮಾಡುತ್ತಾರೆ ಎಂದಷ್ಟೇ ನನಗೆ ಗೊತ್ತಿತ್ತು. ಈ ಲೇಖನಕ್ಕಾಗಿ ಓದುವಾಗ ಇನ್ನೊಂದು ಕಾರಣ ಸಿಕ್ಕಿತು. ಕರಗಿಸಿದ ಗುಜರಿಯಲ್ಲಿ ತಾಮ್ರ ಸೇರಿಕೊಂಡರೆ ಅದನ್ನು ಮತ್ತೆ ತೆಗೆಯುವುದು ಬಹಳ ಕಷ್ಟ. ತಾಮ್ರ ಹೆಚ್ಚಾದ ಉಕ್ಕನ್ನು ಕಾಯಿಸಿ ರೋಲ್ ಮಾಡುವಾಗ ಮೇಲ್ಮೈ ಬಿರುಕು ಬಿಡುತ್ತದೆ. ಕಾರಿನ ತಗಡಿಗೆ ಅಂಥ ಉಕ್ಕು ಬರುವುದಿಲ್ಲ. ಅಂದರೆ ನೆಲದ ಮೇಲೆ ಕೂತು ಸುತ್ತಿಗೆಯಿಂದ ಮೋಟಾರು ಒಡೆಯುವ ಹುಡುಗ ಉಕ್ಕಿನ ಗುಣಮಟ್ಟ ಕಾಯುವ ಕೆಲಸವನ್ನೂ ಮಾಡುತ್ತಿದ್ದಾನೆ. ಅವನ ಕೂಲಿಯಲ್ಲಿ ಆ ಕೆಲಸಕ್ಕೆ ಒಂದು ಪೈಸೆಯೂ ಸೇರಿಲ್ಲ.

ಗುಜರಿಯನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಲು ಟನ್‌ಗೆ ಸುಮಾರು 400ರಿಂದ 500 ಯೂನಿಟ್ ಕರೆಂಟು ಸಾಕು. ಒಂದು ಟನ್ ಗುಜರಿ ಬಳಸಿದರೆ ಸುಮಾರು 1.4 ಟನ್ ಅದಿರು, 740 ಕಿಲೋ ಕಲ್ಲಿದ್ದಲು ಉಳಿಯುತ್ತದೆ, ಒಂದೂವರೆ ಟನ್ ಕಾರ್ಬನ್ ಡೈಆಕ್ಸೈಡ್ ತಪ್ಪುತ್ತದೆ ಎಂದು ಜಾಗತಿಕ ಉಕ್ಕು ಸಂಘದ ಅಂದಾಜು. ಇಷ್ಟೊಂದು ಲಾಭವಿರುವ ವಸ್ತುವಿನ ಮೇಲೆ ಶೇಕಡಾ 18 ಜಿಎಸ್‌ಟಿ ಇದೆ. 2024ರ ಅಕ್ಟೋಬರ್‌ನಿಂದ ನೋಂದಣಿ ಇಲ್ಲದವರಿಂದ ಲೋಹದ ಗುಜರಿ ಕೊಂಡರೆ ಕೊಂಡ ನೋಂದಾಯಿತ ವ್ಯಾಪಾರಿಯೇ ಆ ತೆರಿಗೆ ಕಟ್ಟಬೇಕು. ಸರ್ಕಾರಕ್ಕೆ ನಕಲಿ ಬಿಲ್‌ಗಳ ಚಿಂತೆ ಇದೆ, ಅದು ಸರಿಯೇ. ಆದರೂ ಮಣ್ಣಿನಿಂದ ತೆಗೆದ ಅದಿರಿಗಿಂತ ಬೀದಿಯಿಂದ ಆಯ್ದ ಕಬ್ಬಿಣಕ್ಕೆ ತೆರಿಗೆಯಲ್ಲಿ ಸ್ವಲ್ಪ ರಿಯಾಯಿತಿ ಇರಬೇಕು ಎಂದೇ ನನ್ನ ಅಭಿಪ್ರಾಯ.

ಹಾಗಾದರೆ ಎಲ್ಲ ಉಕ್ಕನ್ನೂ ಗುಜರಿಯಿಂದಲೇ ಮಾಡಬಹುದಲ್ಲ? ಆಗುವುದಿಲ್ಲ. ಸೇತುವೆಗೋ ಮನೆಗೋ ಹಾಕಿದ ಕಬ್ಬಿಣ ಮೂವತ್ತು ನಲವತ್ತು ವರ್ಷ ಹೊರಗೆ ಬರುವುದಿಲ್ಲ. ಅಮೆರಿಕ ಹಿಂದೆಯೇ ಬೇಕಾದಷ್ಟು ಕಟ್ಟಿಕೊಂಡಿದೆ, ಅದಕ್ಕೇ ಅಲ್ಲಿ ಸುಮಾರು ಶೇಕಡಾ 70ರಷ್ಟು ಉಕ್ಕು ವಿದ್ಯುತ್ ಕುಲುಮೆಯಿಂದ ಬರುತ್ತದೆ. ನಮ್ಮಲ್ಲಿ ತಲೆಗೆ ವರ್ಷಕ್ಕೆ ನೂರು ಕಿಲೋ ಉಕ್ಕು ಬಳಕೆಯಾದರೆ ಜಗತ್ತಿನ ಸರಾಸರಿ ಅದರ ಎರಡರಷ್ಟಕ್ಕಿಂತ ಹೆಚ್ಚು. ನಮ್ಮ ಆಸ್ಪತ್ರೆ, ರೈಲು ಹಳಿ, ಶಾಲಾ ಕಟ್ಟಡಗಳು ಇನ್ನೂ ಕಟ್ಟಬೇಕಾಗಿವೆ. 2017ರ ರಾಷ್ಟ್ರೀಯ ಉಕ್ಕು ನೀತಿಯ ಪ್ರಕಾರ 2030-31ರ ಹೊತ್ತಿಗೆ 30 ಕೋಟಿ ಟನ್ ಸಾಮರ್ಥ್ಯ ಆಗಬೇಕು. ಅಷ್ಟು ಗುಜರಿ ನಮ್ಮ ಹತ್ತಿರ ಇಲ್ಲವೇ ಇಲ್ಲ.

ಆದ್ದರಿಂದ ಮೊದಲನೆಯ ದಾರಿಗೆ ಬರೋಣ, ಇಂಗಾಲದ ಜಾಗಕ್ಕೆ ಹೈಡ್ರೋಜನ್. ಹೈಡ್ರೋಜನ್ ಕೂಡ ಅದಿರಿನಿಂದ ಆಮ್ಲಜನಕವನ್ನು ಬಿಡಿಸುತ್ತದೆ, ಆದರೆ ಹೊರಗೆ ಬರುವುದು ನೀರಿನ ಆವಿ. ಸ್ವೀಡನ್‌ನಲ್ಲಿ ಉಕ್ಕಿನ ಕಂಪನಿ ಎಸ್‌ಎಸ್‌ಎಬಿ, ಗಣಿ ಕಂಪನಿ ಎಲ್‌ಕೆಎಬಿ, ವಿದ್ಯುತ್ ಕಂಪನಿ ವಾಟೆನ್‌ಫಾಲ್ ಮೂರೂ ಸೇರಿ 2016ರಲ್ಲಿ ‘ಹೈಬ್ರಿಟ್’ ಎಂಬ ಯೋಜನೆ ಆರಂಭಿಸಿದವು. 2020ರಲ್ಲಿ ಲೂಲಿಯೋ ಎಂಬ ಊರಿನಲ್ಲಿ ಪ್ರಾಯೋಗಿಕ ಘಟಕ ಶುರುವಾಯಿತು, 2021ರ ಆಗಸ್ಟ್‌ನಲ್ಲಿ ಕಲ್ಲಿದ್ದಲು ಇಲ್ಲದೆ ಮಾಡಿದ ಮೊದಲ ಉಕ್ಕು ವೋಲ್ವೋ ಕಂಪನಿಗೆ ಹೋಯಿತು. ಅಂದರೆ ಇದು ಆಗುವ ಮಾತೇ. ಪ್ರಶ್ನೆ ಇರುವುದು ಕರೆಂಟಿನಲ್ಲಿ.

ಲೆಕ್ಕ ನೋಡಿ. ಒಂದು ಟನ್ ಕಬ್ಬಿಣಕ್ಕೆ ಸುಮಾರು 54 ಕಿಲೋ ಹೈಡ್ರೋಜನ್ ಬೇಕು. ನೀರನ್ನು ಒಡೆದು ಒಂದು ಕಿಲೋ ಹೈಡ್ರೋಜನ್ ತೆಗೆಯಲು ಸುಮಾರು 50 ಯೂನಿಟ್ ಕರೆಂಟು. ಅಲ್ಲಿಗೇ 2,700 ಯೂನಿಟ್ ಆಯಿತು, ಕರಗಿಸುವುದು ಇತ್ಯಾದಿ ಸೇರಿದರೆ 3,000 ದಾಟುತ್ತದೆ. ನಮ್ಮ ದೇಶದ ಕರೆಂಟಿನಲ್ಲಿ ಹೆಚ್ಚಿನ ಪಾಲು ಇನ್ನೂ ಕಲ್ಲಿದ್ದಲಿನದ್ದು. ಗ್ರಿಡ್‌ನಿಂದ ಬರುವ ಒಂದು ಯೂನಿಟ್‌ಗೆ ಸರಾಸರಿ 0.7 ಕಿಲೋ ಕಾರ್ಬನ್ ಡೈಆಕ್ಸೈಡ್ ಹಿಡಿಯಿರಿ. ಗುಣಿಸಿದರೆ ಎರಡು ಟನ್‌ಗಿಂತ ಹೆಚ್ಚು! ಕುಲುಮೆಯ ಚಿಮಣಿಯಿಂದ ಬರುತ್ತಿದ್ದ ಹೊಗೆ ವಿದ್ಯುತ್ ಸ್ಥಾವರದ ಚಿಮಣಿಯಿಂದ ಬರುತ್ತದೆ, ಅಷ್ಟೇ. ಸ್ವೀಡನ್‌ಗೆ ಜಲವಿದ್ಯುತ್ತು ಧಾರಾಳವಾಗಿದೆ, ಅವರಿಗೆ ಈ ತೊಂದರೆ ಇಲ್ಲ. ನಮಗೆ ಬಿಸಿಲು, ಗಾಳಿಯ ಕರೆಂಟೇ ಬೇಕು. ಪಾವಗಡದ ಸೋಲಾರ್ ಪಾರ್ಕ್ ಇರುವ ರಾಜ್ಯಕ್ಕೆ ಇದು ಅಸಾಧ್ಯವಲ್ಲ, ಆದರೆ ಪ್ರಮಾಣ ದೊಡ್ಡದು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಜೆಎಸ್‌ಡಬ್ಲ್ಯು ಕಾರ್ಖಾನೆಗಾಗಿ ವರ್ಷಕ್ಕೆ 3,800 ಟನ್ ಸಾಮರ್ಥ್ಯದ ಹಸಿರು ಹೈಡ್ರೋಜನ್ ಘಟಕ ಬಂದಿದೆ. ನಮ್ಮ 54 ಕಿಲೋ ಲೆಕ್ಕದಲ್ಲಿ ಅದರಿಂದ ಸುಮಾರು 70 ಸಾವಿರ ಟನ್ ಕಬ್ಬಿಣ ಆಗಬಹುದು. ಆ ಕಾರ್ಖಾನೆಯ ಸಾಮರ್ಥ್ಯವೋ ವರ್ಷಕ್ಕೆ 1.2 ಕೋಟಿ ಟನ್‌ಗೂ ಮೇಲೆ. ನೂರಕ್ಕೆ ಒಂದಕ್ಕಿಂತ ಕಡಿಮೆ ಆಯಿತು. ಆರಂಭ ಎಂದು ಒಪ್ಪಿಕೊಳ್ಳೋಣ, ಜಾಹೀರಾತು ನೋಡಿ ಮರುಳಾಗುವುದು ಬೇಡ.

ಹೊಗೆಯನ್ನು ಹಿಡಿದು ನೆಲದೊಳಗೆ ತುಂಬುವ ಮೂರನೆಯ ದಾರಿಯೂ ಇದೆ. ಅಬುಧಾಬಿಯಲ್ಲಿ 2016ರಿಂದ ಅಲ್ಲಿನ ಉಕ್ಕಿನ ಕಾರ್ಖಾನೆಯಿಂದ ವರ್ಷಕ್ಕೆ 8 ಲಕ್ಷ ಟನ್‌ವರೆಗೆ ಕಾರ್ಬನ್ ಡೈಆಕ್ಸೈಡ್ ಹಿಡಿಯುವ ವ್ಯವಸ್ಥೆ ಇದೆ. ಅದನ್ನು ಎಣ್ಣೆ ಬಾವಿಗಳಿಗೆ ಒತ್ತಿ ಇನ್ನಷ್ಟು ಎಣ್ಣೆ ತೆಗೆಯುತ್ತಾರೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ.

ಕರ್ನಾಟಕದಲ್ಲಿ ಕಲ್ಲಿದ್ದಲು ಇಲ್ಲ ಎಂಬ ಸಮಸ್ಯೆ ಹೊಸದಲ್ಲ. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣ ತಯಾರಿ ಶುರುವಾದಾಗ ಮಲೆನಾಡಿನ ಮರ ಸುಟ್ಟ ಇದ್ದಿಲನ್ನೇ ಬಳಸುತ್ತಿದ್ದರು. ಮುಂದೆ ಶರಾವತಿಯ ಕರೆಂಟು ಬಂದ ಮೇಲೆ ವಿದ್ಯುತ್ ಕುಲುಮೆಗಳೂ ಬಂದವು. ಇನ್ನೊಂದು ಮಾತು: ನಮ್ಮ ಮನೆಯಲ್ಲಿ ಉಕ್ಕಿಗೆ ಫೌಲಾದ್ ಎನ್ನುತ್ತೇವೆ. ಒಂದು ಕಾಲದಲ್ಲಿ ಜಗತ್ತೆಲ್ಲ ಹೊಗಳಿದ ದಕ್ಷಿಣ ಭಾರತದ ‘ವೂಟ್ಜ್’ ಉಕ್ಕಿನ ಹೆಸರು ಕನ್ನಡದ ‘ಉಕ್ಕು’ ಪದದಿಂದ ಬಂದದ್ದು ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ನನಗೆ ಎರಡೂ ಪದ ನನ್ನವೇ ಅನ್ನಿಸುತ್ತವೆ.

ಈಗ ನಮ್ಮ ವಿಭಾಗದ ವಿಷಯ. ಯುರೋಪಿಯನ್ ಒಕ್ಕೂಟ ‘ಸಿಬಿಎಎಂ’ ಎಂಬ ಗಡಿ ಶುಲ್ಕ ತಂದಿದೆ. 2023ರ ಅಕ್ಟೋಬರ್‌ನಿಂದ ಬರೀ ಮಾಹಿತಿ ಕೊಡಬೇಕಿತ್ತು, 2026ರ ಜನವರಿಯಿಂದ ಹಣದ ಲೆಕ್ಕವೂ ಶುರು. ಹೊರದೇಶದ ಉಕ್ಕನ್ನು ತರಿಸಿಕೊಳ್ಳುವವರು ಅದರೊಳಗೆ ಅಡಗಿದ ಇಂಗಾಲಕ್ಕೆ ಬೆಲೆ ಕೊಡಬೇಕು. ಮೊದಲ ವರ್ಷ ಅತಿ ಸ್ವಲ್ಪ, 2030ಕ್ಕೆ ಸುಮಾರು ಅರ್ಧ, 2034ಕ್ಕೆ ಪೂರ್ತಿ. ಇಂಗಾಲದ ಬೆಲೆ ಟನ್‌ಗೆ 70 ಯೂರೋ, ಯೂರೋಗೆ 95 ರೂಪಾಯಿ ಎಂದು ಇಟ್ಟುಕೊಳ್ಳೋಣ. ಎರಡೂವರೆ ಟನ್ ಹೊಗೆಯ ಉಕ್ಕಿಗೆ ಪೂರ್ತಿ ಶುಲ್ಕ 16,625 ರೂಪಾಯಿ! ಒಂದು ಟನ್ ಕಂಬಿಯ ಬೆಲೆ 60 ಸಾವಿರ ಎಂದುಕೊಂಡರೆ ಇದು ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು. ಅಲ್ಲಿನ ಗಿರಾಕಿ ನಮ್ಮನ್ನು ಬಿಟ್ಟು ಬೇರೆಯವರ ಹತ್ತಿರ ಹೋಗುವುದು ಖಂಡಿತ.

ಶತಮಾನಗಳ ಕಾಲ ಹೊಗೆ ಬಿಟ್ಟು ಶ್ರೀಮಂತರಾದವರು ಈಗ ನಮಗೆ ದಂಡ ಹಾಕುವುದು ಯಾವ ನ್ಯಾಯ ಎಂದು ಯಾರಿಗಾದರೂ ಅನ್ನಿಸುತ್ತದೆ. ನನಗೂ ಅನ್ನಿಸಿತು. ಆದರೆ ಆ ನಿಯಮದಲ್ಲೇ ಒಂದು ಬಾಗಿಲು ಇದೆ: ತಯಾರಾದ ದೇಶದಲ್ಲೇ ಇಂಗಾಲಕ್ಕೆ ಬೆಲೆ ಕಟ್ಟಿದ್ದರೆ ಅಷ್ಟನ್ನು ಕಳೆಯುತ್ತಾರೆ. ಹೇಗೂ ಹೋಗುವ ಹಣ ಯುರೋಪಿನ ಖಜಾನೆಗೆ ಹೋಗುವ ಬದಲು ಇಲ್ಲೇ ಉಳಿದರೆ ಅದರಿಂದ ನಮ್ಮ ಸೋಲಾರ್, ನಮ್ಮ ಕುಲುಮೆ ಸುಧಾರಿಸಬಹುದು. ಭಾರತ 2023ರಲ್ಲಿ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆ ಪ್ರಕಟಿಸಿದೆ. 2024ರ ಡಿಸೆಂಬರ್‌ನಲ್ಲಿ ಉಕ್ಕು ಸಚಿವಾಲಯ ‘ಹಸಿರು ಉಕ್ಕು’ ಎಂದರೇನು ಎಂದು ವ್ಯಾಖ್ಯಾನಿಸಿತು: ಟನ್‌ಗೆ 2.2 ಟನ್‌ಗಿಂತ ಕಡಿಮೆ ಇದ್ದರೆ ಮೂರು ನಕ್ಷತ್ರ, 2ಕ್ಕಿಂತ ಕಡಿಮೆಗೆ ನಾಲ್ಕು, 1.6ಕ್ಕಿಂತ ಕಡಿಮೆಗೆ ಐದು. 2.2 ಎಂಬುದು ಬಹಳ ಸಡಿಲ ಎಂದು ನನ್ನ ಅನಿಸಿಕೆ, ಜಗತ್ತಿನ ಸರಾಸರಿಯೇ ಅದಕ್ಕಿಂತ ಕಡಿಮೆ ಇದೆ.

ಹೆಚ್ಚಿನ ಬೆಲೆ ಯಾರು ಕೊಡಬೇಕು? ಹಸಿರು ಉಕ್ಕು ಕಾಲು ಭಾಗ ದುಬಾರಿ ಎಂದುಕೊಳ್ಳಿ. ಹತ್ತು ಲಕ್ಷದ ಕಾರಿನಲ್ಲಿ 900 ಕಿಲೋ ಉಕ್ಕು ಇದ್ದರೆ ಕಾರು 13,500 ರೂಪಾಯಿ ಜಾಸ್ತಿ, ನೂರಕ್ಕೆ ಒಂದೂವರೆ ರೂಪಾಯಿಯೂ ಇಲ್ಲ. ಆದರೆ ಸಾವಿರ ಚದರಡಿ ಮನೆಗೆ ನಾಲ್ಕು ಟನ್ ಕಂಬಿ ಬೇಕು, ಅಲ್ಲಿ 60 ಸಾವಿರ ರೂಪಾಯಿ ಹೆಚ್ಚು. ಸಾಲ ಮಾಡಿ ಮನೆ ಕಟ್ಟುವವನಿಗೆ ಅದು ಒಂದು ಕೋಣೆಯ ಟೈಲ್ಸ್, ಬಾಗಿಲು, ಬಣ್ಣ ಎಲ್ಲ ಸೇರಿದ ಹಣ. ಆದ್ದರಿಂದ ಮೊದಲು ಕಾರು ಕೊಳ್ಳುವವರು, ಸರ್ಕಾರದ ದೊಡ್ಡ ಕಟ್ಟಡಗಳು, ಮೆಟ್ರೋ ಇವು ಈ ಉಕ್ಕನ್ನು ಕೊಳ್ಳಬೇಕು. ಬೇಡಿಕೆ ಬೆಳೆದು ಬೆಲೆ ಇಳಿದ ಮೇಲೆ ಮನೆ ಕಟ್ಟುವವರ ಸರದಿ ಬರಲಿ.

ಕೂಲಿಯ ವಿಷಯ ಬಿಟ್ಟರೆ ಲೆಕ್ಕ ಅಪೂರ್ಣ. ಬ್ರಿಟನ್ನಿನ ಪೋರ್ಟ್ ಟಾಲ್ಬಟ್‌ನಲ್ಲಿ ಟಾಟಾ ಸ್ಟೀಲ್ 2024ರ ಸೆಪ್ಟೆಂಬರ್ 30ರಂದು ಕೊನೆಯ ಊದುಕುಲುಮೆ ನಿಲ್ಲಿಸಿತು. ಆ ಜಾಗಕ್ಕೆ 125 ಕೋಟಿ ಪೌಂಡಿನ ವಿದ್ಯುತ್ ಕುಲುಮೆ ಬರುತ್ತಿದೆ, ಅದರಲ್ಲಿ 50 ಕೋಟಿ ಅಲ್ಲಿನ ಸರ್ಕಾರದ್ದು. ಹೊಗೆ ಕಡಿಮೆಯಾಗುತ್ತದೆ, ಆದರೆ ಎರಡು ಸಾವಿರಕ್ಕೂ ಹೆಚ್ಚು ಕೆಲಸಗಳು ಹೋಗುವ ಲೆಕ್ಕ. ನಮ್ಮ ಬಳ್ಳಾರಿ, ಕೊಪ್ಪಳದ ಸುತ್ತ ಕಲ್ಲಿದ್ದಲಿನಿಂದಲೇ ಸ್ಪಾಂಜ್ ಐರನ್ ಮಾಡುವ ಎಷ್ಟೋ ಚಿಕ್ಕ ಘಟಕಗಳಿವೆ. ಟನ್‌ಗೆ ಅತಿ ಹೆಚ್ಚು ಹೊಗೆ ಬರುವ ವಿಧಾನಗಳಲ್ಲಿ ಅದೂ ಒಂದು. ಅಂಥ ಮಾಲೀಕನಿಗೆ 50 ಕೋಟಿ ಪೌಂಡ್ ಯಾರೂ ಕೊಡುವುದಿಲ್ಲ.

ಅವರಿಗೆ ಮೊದಲು ಬೇಕಾಗುವುದು ಹೊಸ ಕುಲುಮೆಗಿಂತ ಸರಿಯಾದ ಲೆಕ್ಕ. ಹಸಿರು ಉಕ್ಕಿನ ಪ್ರಮಾಣಪತ್ರವನ್ನು ಮಂಡಿ ಗೋಬಿಂದಗಢದ ರಾಷ್ಟ್ರೀಯ ದ್ವಿತೀಯ ಉಕ್ಕು ತಂತ್ರಜ್ಞಾನ ಸಂಸ್ಥೆಯ ಮೂಲಕ ವರ್ಷವರ್ಷ ಪಡೆಯಬೇಕು. ಅದಕ್ಕೆ ಎಷ್ಟು ಕಲ್ಲಿದ್ದಲು ಸುಟ್ಟರು, ಎಷ್ಟು ಯೂನಿಟ್ ಕರೆಂಟು ಬಂತು, ಹೊರಗಿನಿಂದ ಕೊಂಡ ಕಚ್ಚಾವಸ್ತುವಿನಲ್ಲಿ ಎಷ್ಟು ಇಂಗಾಲ ಅಡಗಿದೆ ಎಂಬುದಕ್ಕೆಲ್ಲ ದಾಖಲೆ ಬೇಕು. ಮಾಮೂ ಅಂಗಡಿಯಲ್ಲಿ ತೂಕದ ಚೀಟಿ ಇದೆ, ಬಿಲ್ ಪುಸ್ತಕ ಇದೆ. ಆದರೆ ಯಾವ ಮೋಟಾರಿನಿಂದ ಎಷ್ಟು ತಾಮ್ರ ತೆಗೆದರು ಎಂದು ಬರೆದಿಡುವ ಕಾಲಂ ಯಾವ ಪುಸ್ತಕದಲ್ಲೂ ಇನ್ನೂ ಇಲ್ಲ.