ಬಾಲ ಕಾಣದ ಹುಳುವಿನ ವಂಶನಿರ್ಣಯ

1899-1900ರಲ್ಲಿ ಡಚ್ಚರ 'ಸಿಬೋಗಾ' ಹಡಗು ಇಂದಿನ ಇಂಡೋನೇಷ್ಯದ ಕಡಲಾಳದಿಂದ ಕೊಳವೆಯೊಳಗೆ ವಾಸಿಸುವ, ನೂಲಿನಂತಹ ಹುಳುಗಳನ್ನು ಮೇಲೆತ್ತಿತು. ಬೆಳೆದ ಹುಳುವಿಗೆ ಬಾಯಿಯಿಲ್ಲ, ಅನ್ನನಾಳವೂ ಇಲ್ಲ. 1914ರಲ್ಲಿ ಫ್ರೆಂಚ್ ವಿಜ್ಞಾನಿ ಕೋಲರಿ ಅದಕ್ಕೆ ಹಡಗಿನ ನೆನಪಿನಲ್ಲಿ 'ಸಿಬೋಗ್ಲೈನಂ' ಎಂದು ಹೆಸರಿಟ್ಟರು. ಮುಂದಿನ ಪಂಡಿತರು ಇಂತಹ ಹುಳುಗಳಿಗಾಗಿ 'ಪೋಗೊನೊಫೋರಾ' ಎಂಬ ಪ್ರತ್ಯೇಕ ವಂಶವನ್ನೇ ಕಲ್ಪಿಸಿದರು. ಅವರನ್ನು ದೂಷಿಸುವಂತಿಲ್ಲ, ಮೇಲೆತ್ತುವಾಗ ದೇಹದ ಹಿಂತುದಿ ಮುರಿದು ಕೆಸರಿನಲ್ಲಿಯೇ ಉಳಿದುಬಿಡುತ್ತಿತ್ತು! 1964ರಲ್ಲಿ ಆ ತುದಿಯ ವರ್ಣನೆ ಪ್ರಕಟವಾಯಿತು. ಅದರಲ್ಲಿ ಎರೆಹುಳುವಿನಲ್ಲಿರುವಂತೆ ಖಂಡಗಳೂ ಬಿರುಗೂದಲುಗಳೂ ಇದ್ದವು. ಆದರೂ ವಾದ ಮುಗಿಯಲಿಲ್ಲ. 1977ರಲ್ಲಿ ಗಲಾಪಗೋಸ್ ಬಳಿಯ ಕಡಲತಳದ ಬಿಸಿನೀರ ಬುಗ್ಗೆಗಳಲ್ಲಿ ಕಂಡ ದೈತ್ಯ 'ರಿಫ್ಟಿಯಾ'ಕ್ಕೆ 1985ರಲ್ಲಿ ಇನ್ನೊಂದು ವಂಶ ಹುಟ್ಟಿತು. 1990ರ ದಶಕದ ಡಿಎನ್‌ಎ ಅಧ್ಯಯನಗಳು ಎರಡನ್ನೂ ಎರೆಹುಳುವಿನ ವಲಯವಂತ ವಂಶಕ್ಕೆ ಸೇರಿಸಿದವು. ಇಂದು ಅವುಗಳ ಕುಟುಂಬನಾಮ 'ಸಿಬೋಗ್ಲಿನಿಡೇ'. ಕೋಲರಿ 1914ರಲ್ಲಿ ಇಟ್ಟದ್ದೇ ಆ ಹೆಸರು.