ಕಾರ್ಡಿನ ಬೆನ್ನು ನೋಡಿ ಬೆಲೆ ಕಟ್ಟಿ

ನಾನಿರುವ ಒಂಟಾರಿಯೊದಲ್ಲಿ ಆಟಗಾರರ ಚಿತ್ರವಿರುವ ಹಳೆಯ ಬೇಸ್‌ಬಾಲ್ ಕಾರ್ಡ್ ಮಾರುವವರು ಒಂದೇ ಉಸಿರಿನಲ್ಲಿ ಮೂರು ಮಾತಾಡುತ್ತಾರೆ: ಇದು ಕೆನಡಾದ್ದು, ಸಿಗೋದು ಕಷ್ಟ, ಅದಕ್ಕೇ ರೇಟು ಜಾಸ್ತಿ. ಮೊದಲೆರಡನ್ನು ಒಪ್ಪುತ್ತೇನೆ. ಮೂರನೆಯದನ್ನು ಪರ್ಸ್ ತೆಗೆಯದೆ ಕೇಳಿಸಿಕೊಳ್ಳುತ್ತೇನೆ.

ಅಮೆರಿಕದ ಟಾಪ್ಸ್ ಕಂಪನಿಯಿಂದ ಪರವಾನಗಿ ಪಡೆದು, ಲಂಡನ್ನಿನ (ಇಂಗ್ಲೆಂಡಿನದಲ್ಲ, ಒಂಟಾರಿಯೊದ್ದು) ಒ-ಪೀ-ಚೀ ಕಂಪನಿ 1965ರಿಂದ ಅದೇ ವಿನ್ಯಾಸದ ಕಾರ್ಡುಗಳನ್ನು ಇಲ್ಲಿ ಅಚ್ಚು ಹಾಕಿಸಿತು. ಬೇಸ್‌ಬಾಲ್ ಆಟಗಾರ ನೋಲನ್ ರಯನ್‌ನ 1968ರ ಕಾರ್ಡ್ ಎರಡು ಸೆಟ್‌ಗಳಲ್ಲೂ 177ನೇ ನಂಬರು. ಮುಖ ನೋಡಿದರೆ ಅವಳಿ ಜವಳಿ. ತಿರುಗಿಸಿ, ಕಣ್ಣು ಕಿರಿದು ಮಾಡಿ ಓದಿದರೆ ಕೆನಡಾದಲ್ಲಿ ಅಚ್ಚಾಗಿದೆ ಎಂಬ ಪುಟ್ಟ ಸಾಲು ಸಿಗುತ್ತದೆ. 1970ರಿಂದ ಹಿಂಬದಿಗೆ ಫ್ರೆಂಚ್ ಬಂತು, ಗುರುತು ಹಿಡಿಯುವುದು ಸಲೀಸಾಯಿತು. 1971ರಲ್ಲಂತೂ ಟಾಪ್ಸ್ ಬೆನ್ನು ಹಸಿರು, ಒ-ಪೀ-ಚೀಯದು ಹಳದಿ.

ನನಗೆ ಹೆಚ್ಚು ಇಷ್ಟ 1979ರ ಪೀಟ್ ರೋಸ್. ಟಾಪ್ಸ್ ಕಾರ್ಡಿನಲ್ಲಿ ಆತ ಇನ್ನೂ ಸಿನ್ಸಿನಾಟಿ ರೆಡ್ಸ್ ಆಟಗಾರ. ಆಮೇಲೆ ಅಚ್ಚಾದ ಕೆನಡಾದ ಕಾರ್ಡಿನ ಮೇಲೆ ‘ನೌ ವಿತ್ ಫಿಲ್ಲೀಸ್’ (ಈಗ ಫಿಲ್ಲೀಸ್ ತಂಡದಲ್ಲಿ) ಎಂದಿದೆ.

ಆದರೆ ಕೊಳ್ಳುವವರು ಯಾರು? ಬೇಸ್‌ಬಾಲ್‌ನ ದೊಡ್ಡ ಗಿರಾಕಿ ಅಮೆರಿಕದವನು. ಅವನು ಬಾಲ್ಯದಲ್ಲಿ ಕೈಯಲ್ಲಿ ಹಿಡಿದದ್ದು ಟಾಪ್ಸ್. ಕಡಿಮೆ ಅಚ್ಚಾದ ಸರಕಿಗೆ ಕೇಳುವವರೂ ಕಡಿಮೆಯಿದ್ದರೆ ರೇಟು ಏರುವುದಿಲ್ಲ. ಐಸ್ ಹಾಕಿಯಲ್ಲಿ ಲೆಕ್ಕ ತಿರುಗುಮುರುಗು, ಅಲ್ಲಿ ಕೆನಡಾದವರೇ ಯಜಮಾನರು. ವೇಯ್ನ್ ಗ್ರೆಟ್ಸ್‌ಕಿಯ 1979ರ ಒ-ಪೀ-ಚೀ ಕಾರ್ಡೊಂದು 2021ರಲ್ಲಿ 37.5 ಲಕ್ಷ ಅಮೆರಿಕನ್ ಡಾಲರಿಗೆ ಹೋಯಿತು. ಅಂಗಡಿಯವರು ಬೇಸ್‌ಬಾಲ್ ಕಾರ್ಡ್ ಮಾರುವಾಗಲೂ ಈ ಕಥೆಯನ್ನೇ ಹೇಳುತ್ತಾರೆ, ನಗು ಬರುತ್ತದೆ.

ಹಾಗಾಗಿ ಮಾರುವವ ಕೇಳುವ ಬೆಲೆಯನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹರಾಜಿನಲ್ಲಿ ನಿಜವಾಗಿ ಮಾರಾಟವಾದ ಬೆಲೆ ಹುಡುಕುತ್ತೇನೆ, ಅದು ಯಾವ ಡಾಲರ್ ಅಂತಲೂ ನೋಡುತ್ತೇನೆ. ಕಾರ್ಡಿನ ಸ್ಥಿತಿಗೆ ಅಂಕ ಹಾಕಿಸುವ ಗ್ರೇಡಿಂಗ್‌ಗೆ ಅಮೆರಿಕಕ್ಕೆ ಕಳಿಸುವುದಾದರೆ ಶುಲ್ಕ, ಎರಡೂ ಕಡೆಯ ಅಂಚೆ, ವಿಮೆ ಸೇರಿಸಿ ಕೂಡಬೇಕು. ಸಾಧಾರಣ ಕಾರ್ಡಾದರೆ ಅಷ್ಟಕ್ಕೇ ಲಾಭ ಕರಗಿಹೋಗುತ್ತದೆ. ಅಂಚು ಒರಟಾಗಿದೆ ಅಂತ ಮಾತ್ರ ಒ-ಪೀ-ಚೀಯನ್ನು ಬದಿಗಿಡುವುದಿಲ್ಲ. ಇವುಗಳಲ್ಲಿ ಅದು ಮಾಮೂಲು. ತೀರಾ ನುಣುಪಾದ ಅಂಚು ಕಂಡರೆ, ಯಾರೋ ಆಮೇಲೆ ಕತ್ತರಿಸಿರಬಹುದೇ ಎಂದು ಅಳತೆಪಟ್ಟಿ ಹಿಡಿದು ನೋಡುತ್ತೇನೆ.